ಎರಡು ಚಿಲಕಗಳ ಮನೆ

ಕಳೆದ ವಾರ ಒಂದು ಸಂಜೆ ಕೆಲಸದಿಂದ ಬಂದು ಅಬುಧಾಬಿಯ ಬನಿಯಾಸ್‌ನ ನಮ್ಮ ಕಟ್ಟಡದ ಲಿಫ್ಟಿನೊಳಗೆ ಕಾಲಿಟ್ಟೆ. ಒಣಮೀನು ಸುಟ್ಟ ವಾಸನೆ ಮೂಗಿಗೆ ಬಡಿಯಿತು. ಯಾವುದೋ ಮಹಡಿಯಲ್ಲಿ ಯಾರೋ ಬಾಗಿಲ ಸಂದಿಗೆ ಒದ್ದೆ ಬಟ್ಟೆ ತುರುಕಿ, ಫ್ಯಾನು ಹಾಕಿ, ಹೆದರಿ ಹೆದರಿಯೇ ಸುಟ್ಟಿರಬೇಕು. ನಾನು ಮನೆಯ ಬೀಗ ತೆಗೆಯುವಷ್ಟರಲ್ಲಿ ಕಟ್ಟಡದವರ ವಾಟ್ಸಾಪ್ ಗುಂಪಿನಲ್ಲಿ ದೂರುಗಳು ಸಾಲುಗಟ್ಟಿದ್ದವು: ಯಾರು, ಯಾವ ಫ್ಲ್ಯಾಟು, ಯಾವ ಊರಿನವರು. ಮಗಳು ಮೂಗು ಮುಚ್ಚಿಕೊಂಡು 'ಮಮ್ಮಾ, ಸೋ ಡಿಸ್‌ಗಸ್ಟಿಂಗ್' ಎಂದಳು. ನಾನು ಚಪ್ಪಲಿ ಬಿಡುವುದನ್ನೂ ಮರೆತು ಬಾಗಿಲಲ್ಲೇ ನಿಂತುಬಿಟ್ಟೆ. ಆ ವಾಸನೆ ನನ್ನನ್ನು ಕೈಹಿಡಿದು ಎಳೆದುಕೊಂಡು ಹೋದದ್ದು ದುಬೈಯ ದೇರಾಕ್ಕೆ, ಮೂವತ್ತು ವರ್ಷಗಳ ಹಿಂದಿನ ಒಂದು ಅಡುಗೆಮನೆಗೆ. ಅಲ್ಲಿ ಒಣಮೀನು ಸುಡಲು ಯಾರ ಅಪ್ಪಣೆಯೂ ಬೇಕಿರಲಿಲ್ಲ.

ಅದು ಮೀನು ಮಾರುಕಟ್ಟೆಯಿಂದ ನಡೆದುಹೋಗುವಷ್ಟೇ ದೂರದ ಹಳೇ ಕಟ್ಟಡದ ಎರಡನೆಯ ಮಹಡಿ. ಎರಡು ಕೋಣೆ, ನಡುವೆ ಒಂದು ಹಾಲು, ಒಂದು ಅಡುಗೆಮನೆ, ಒಂದು ಬಚ್ಚಲು. ಒಂದು ಕೋಣೆಯಲ್ಲಿ ಅಪ್ಪ, ಅಮ್ಮ, ನಾನು. ಇನ್ನೊಂದರಲ್ಲಿ ಮೂಸಾಕ, ಅವರ ಹೆಂಡತಿ ನಫೀಸ ಮಾಮಿ, ಮತ್ತು ನನಗಿಂತ ಎರಡು ತಿಂಗಳಿಗೆ ದೊಡ್ಡವಳಾದ ಅವರ ಮಗಳು ರುಬೀನಾ. ಅಪ್ಪ ಮತ್ತು ಮೂಸಾಕ ಮಂಗಳೂರಿನ ಆಚೆ ಒಂದೇ ಊರಿನವರು, ಹೊಳೆಯ ಒಂದೇ ದಡದವರು. ನಮ್ಮದು ತುಳು, ಅವರದು ಬ್ಯಾರಿ ಭಾಷೆ; ಅಪ್ಪ ಮೂಸಾಕನನ್ನು ಕರೆಯುತ್ತಿದ್ದದ್ದೇ 'ಬ್ಯಾರಿಗಳೇ' ಎಂದು. ಅಡುಗೆಮನೆಯಲ್ಲಿ ಎರಡೂ ಒಂದಾಗಿ, ನಾನೂ ರುಬೀನಾಳೂ ಎರಡನ್ನೂ ಕಲಸಿ ಮಾತಾಡುತ್ತಿದ್ದೆವು. ಶಾಲೆಯಲ್ಲಿ ಟೀಚರು ಮನೆಮಾತು ಯಾವುದೆಂದು ಕೇಳಿದಾಗ ಇಬ್ಬರೂ ಒಂದೇ ಉತ್ತರ ಕೊಟ್ಟಿದ್ದೆವಂತೆ. ಎಂತ ಉತ್ತರವೆಂದು ನನಗೆ ಈಗ ನೆನಪಿಲ್ಲ, ಅಮ್ಮ ಹೇಳಿಕೊಂಡು ನಗುತ್ತಿದ್ದದ್ದು ಮಾತ್ರ ನೆನಪಿದೆ. ಅಮ್ಮ ಬೆಳಿಗ್ಗೆ ಅಕ್ಕಿ ರುಬ್ಬುವಾಗ ನಫೀಸ ಮಾಮಿ ಪಕ್ಕದಲ್ಲಿ ಕೂತು ತೆಂಗಿನಕಾಯಿ ತುರಿಯುತ್ತಿದ್ದರು. ಕಿಟಕಿಯಿಂದ ಊರೊಳಗೆ ಚಾಚಿದ ಕಡಲ ಖಾರಿಯ ನೀರಿನ ವಾಸನೆ, ಕೆಳಗಿನ ಅಂಗಡಿಯಿಂದ ಏಲಕ್ಕಿ ಮೂಟೆಗಳ ವಾಸನೆ, ಎಲ್ಲದರ ಮೇಲೆ ಕರೆಂಟಿನ ಒಲೆಯ ಕೆಂಡದಂಥ ಸುರುಳಿಯ ಮೇಲೆ ಸಿಡಿಯುವ ಒಣಮೀನು.

ಆ ಎರಡು ಸಂಸಾರಗಳನ್ನು ಒಂದು ಮನೆಗೆ ತಂದದ್ದು ಬಾಡಿಗೆಯ ಹೊರೆಯಷ್ಟೇ ಆಗಿರಲಿಲ್ಲ, ಒಂದು ಪಕ್ಷ. ಅದರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಹೆಸರು ಬರೆದ ಕೂಡಲೇ ಓದುವವರು ಎರಡು ಪಾಲಾಗುತ್ತಾರೆಂಬ ಹೆದರಿಕೆ ನನಗೆ. ಮನೆಯಲ್ಲಿ ಅದನ್ನು 'ನಮ್ಮ ಪಕ್ಷ' ಎನ್ನುತ್ತಿದ್ದರು. ಅದು ನಮ್ಮಿಬ್ಬರ ಮನೆಯವರಿಗೂ ಸಂಬಂಧಿಕರಾದ ಯಾವುದೋ ದೊಡ್ಡ ಕುಟುಂಬವೆಂದು ನಾನು ಬಹಳ ಕಾಲ ನಂಬಿದ್ದೆ. ಅಜ್ಜ ಊರಿನ ಜಮೀನ್ದಾರರಾದ ಗುತ್ತಿನ ಮನೆಯವರ ಒಕ್ಕಲು. ಗೇಣಿ ಅಳೆಯಲು ಹೋದರೆ ಅಂಗಳದ ಹೊರಗೆ, ಬಿಸಿಲಿನಲ್ಲಿ, ಮುಂಡಾಸು ಬಿಚ್ಚಿ ಕಂಕುಳಲ್ಲಿಟ್ಟುಕೊಂಡು ನಿಲ್ಲಬೇಕಿತ್ತು. ಉಳುವವರಿಗೆ ಭೂಮಿ ಕೊಟ್ಟ ಕಾನೂನು ಬಂದಾಗ ಅಜ್ಜನಿಗೆ ಎರಡು ಗದ್ದೆ ಸಿಕ್ಕಿತು. ಮೂಸಾಕನ ತಂದೆಗೂ ಅದೇ ಮನೆಯವರ ಕೈತಪ್ಪಿದ ಒಂದು ತುಂಡು ಹಿತ್ತಿಲು ಸಿಕ್ಕಿತು. ಎರಡರ ನಡುವೆ ಒಂದೇ ಬೇಲಿ. ಅಂದಿನಿಂದ ಎರಡೂ ಮನೆಯವರ ಓಟು ಬೇರೆಲ್ಲಿಗೂ ಹೋಗಿರಲಿಲ್ಲ. ಮದುವೆಗೆ ಮೊದಲು ಅಪ್ಪ ಮತ್ತು ಮೂಸಾಕ ಒಂದೇ ಬಕೆಟ್ಟಿನ ಅಂಟಿನಲ್ಲಿ ಊರ ಗೋಡೆಗಳಿಗೆಲ್ಲ ಪೋಸ್ಟರ್ ಹಚ್ಚಿದವರು, ಒಂದೇ ಜೀಪಿನ ಹಿಂದೆ ನೇತಾಡಿಕೊಂಡು ಘೋಷಣೆ ಕೂಗಿದವರು. ದುಬೈಗೆ ಬಂದ ಮೇಲೆ ಘೋಷಣೆ ಇಲ್ಲ, ಪೋಸ್ಟರ್ ಇಲ್ಲ. ಊರಿನಲ್ಲಿ ಚುನಾವಣೆಯಾದಾಗ ಮಾತ್ರ ಹಾಲಿನ ಟೀವಿಯ ಮುಂದೆ ಇಬ್ಬರೂ ಒಂದೇ ಚಾಪೆಯಲ್ಲಿ ಕೂತು, ಗೆದ್ದಾಗ ಸದ್ದಿಲ್ಲದೆ ಒಬ್ಬರ ತೊಡೆಗೊಬ್ಬರು ಗುದ್ದಿಕೊಳ್ಳುತ್ತಿದ್ದರು. 'ಸಣ್ಣ ಮಾತಾಡಿ ಮಾರಾಯ್ರೆ, ಇಲ್ಲಿ ಅದೆಲ್ಲ ಮಾತಾಡ್ಲಿಕ್ಕಿಲ್ಲ' ಎಂದು ಅಮ್ಮ ಕಿಟಕಿ ಹಾಕುತ್ತಿದ್ದಳು. ಪರದೇಶದಲ್ಲಿ ಯಾವ ಮಾತು ಯಾರ ಕಿವಿಗೆ ಬಿದ್ದು ಯಾರ ವೀಸಾ ರದ್ದಾಗುತ್ತದೋ ಎಂಬ ಅಳುಕು ಆ ಕಾಲದಲ್ಲೂ ಇತ್ತು. ಆದರೆ ಅದು ಕಿಟಕಿಯ ಹೊರಗಿನ ಭಯ. ಒಳಗೆ ನಾವು ನಿಶ್ಚಿಂತರು.

ನಾನು ಮೂರನೆಯ ತರಗತಿಯಲ್ಲಿದ್ದ ವರ್ಷ ಭಯ ಒಳಗೆ ಬಂತು. ಅಂದು ಶುಕ್ರವಾರ. ಶುಕ್ರವಾರದ ಊಟ ಎರಡೂ ಸಂಸಾರಕ್ಕೆ ಒಟ್ಟಿಗೆ. ಹಾಲಿನಲ್ಲಿ ಹಳೇ ಪೇಪರು ಹಾಸಿ, ನಫೀಸ ಮಾಮಿಯ ತುಪ್ಪದನ್ನ, ಅಮ್ಮನ ಕೋಳಿ ಸಾರು. ಮೂಸಾಕ ಜುಮ್ಮಾ ನಮಾಜು ಮುಗಿಸಿ ಬಂದು ಕೈತೊಳೆದು ಕೂತಿದ್ದರು. ಫೋನು ಹೊಡೆದುಕೊಂಡಿತು. ಅಪ್ಪ ಎದ್ದುಹೋಗಿ ತೆಗೆದರು. ಊರಿನಿಂದ ದೊಡ್ಡಪ್ಪ. 'ಯಾವಾಗ? ಎಲ್ಲಿ? ಹರೀಶನಿಗೆ ಎಂತ ಆಯ್ತು?' ಎನ್ನುತ್ತ ಅಪ್ಪ ಒಮ್ಮೆ ಮೂಸಾಕನ ಕಡೆ ನೋಡಿದರು. ಆಮೇಲೆ ನಮಗೆ ಬೆನ್ನು ಹಾಕಿ, ಗೋಡೆಗೆ ಮುಖ ಮಾಡಿ, ದನಿ ತಗ್ಗಿಸಿದರು. ಅಪ್ಪ ಫೋನಿನಲ್ಲಿ ಬೆನ್ನು ಹಾಕಿ ಮಾತಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಫೋನು ಇಟ್ಟ ಎರಡೇ ನಿಮಿಷಕ್ಕೆ ಅದು ಮತ್ತೆ ಬಡಿದುಕೊಂಡಿತು. ಈ ಸಲ ಮೂಸಾಕನ ಭಾವ. ಅಪ್ಪ ರಿಸೀವರನ್ನು ಅವರ ಕೈಗೆ ಕೊಟ್ಟರು. ಮೂಸಾಕ ಕೇಳುತ್ತ ಕೇಳುತ್ತ ನೆಲದ ಮೇಲೆ ಕೂತು ತಂತಿಯನ್ನು ಬೆರಳಿಗೆ ಸುತ್ತತೊಡಗಿದರು.

ಊರಿನ ಪೇಟೆಯಲ್ಲಿ ಬಸ್ಸಿನೊಳಗೆ ಒಟ್ಟಿಗೆ ಕೂತ ಎರಡು ಮತದ ಹುಡುಗ ಹುಡುಗಿಯ ವಿಷಯಕ್ಕೆ ಜಗಳ ಶುರುವಾಗಿತ್ತಂತೆ. ಮಧ್ಯಾಹ್ನದೊಳಗೆ ದೊಡ್ಡಪ್ಪನ ಮಗ ಹರೀಶನ ತಲೆಗೆ ಕಬ್ಬಿಣದ ರಾಡು ಬಿದ್ದಿತ್ತು. ಮೂಸಾಕನ ಭಾವನ ಬಟ್ಟೆ ಅಂಗಡಿ ಉರಿದುಹೋಗಿತ್ತು. ಹೊಡೆದವರಲ್ಲಿ ಮೂಸನ ಸೋದರಳಿಯನಿದ್ದ ಎಂದು ದೊಡ್ಡಪ್ಪ ಹೇಳಿದ್ದರು. ಅಂಗಡಿಗೆ ಬೆಂಕಿ ಹಾಕಿದವರ ಜೊತೆ ಸಂಜೀವನ, ಎಂದರೆ ನನ್ನ ಅಪ್ಪನ, ಅಣ್ಣನ ಮಗನಿದ್ದ ಎಂದು ಭಾವ ಹೇಳಿದ್ದರು. ನಿಜ ಏನೆಂದು ನಮಗೆ ಇವತ್ತಿಗೂ ಗೊತ್ತಾಗಿಲ್ಲ. ಒಂದೇ ಫೋನಿನಲ್ಲಿ, ಎರಡು ನಿಮಿಷದ ಅಂತರದಲ್ಲಿ, ಆ ಇಬ್ಬರು ಗೆಳೆಯರಿಗೆ ಎರಡು ಬೇರೆ ಬೇರೆ ಊರುಗಳು ಬಂದುಬಿಟ್ಟವು. ಪೇಪರಿನ ಮೇಲೆ ಅನ್ನ ತಣ್ಣಗಾಯಿತು. ನಫೀಸ ಮಾಮಿ ಅದನ್ನು ಎರಡು ಪಾತ್ರೆಗಳಲ್ಲಿ ಹಂಚಿ, ಒಂದನ್ನು ಅಮ್ಮನ ಮುಂದಿಟ್ಟು ತಮ್ಮ ಕೋಣೆಗೆ ಹೋದರು.

ಅಪ್ಪ ಕೆಳಗಿಳಿದು ಹೋದವರು ಹಾರ್ಡ್‌ವೇರ್ ಅಂಗಡಿಯಿಂದ ಒಂದು ಚಿಲಕ, ನಾಲ್ಕು ಸ್ಕ್ರೂ ತಂದರು. ನಮ್ಮ ಕೋಣೆಗೆ ಅಲ್ಲಿಯವರೆಗೆ ಒಳಗಿನಿಂದ ಚಿಲಕವೇ ಇರಲಿಲ್ಲ, ಬೇಕೆಂದು ಯಾರಿಗೂ ಅನ್ನಿಸಿರಲಿಲ್ಲ. ಅಪ್ಪ ಸ್ಕ್ರೂ ತಿರುಗಿಸುವಾಗ ಸದ್ದಾಗಬಾರದೆಂದು ಟವೆಲು ಒತ್ತಿ ಹಿಡಿದಿದ್ದರು. ಸಂಜೆಯ ಅಸರ್ ನಮಾಜಿನ ಬಾಂಗ್ ಆದ ಮೇಲೆ, ಎಂದಿನ ಹೊತ್ತಿಗೆ, ರುಬೀನಾ ಬಂದು ಬಾಗಿಲು ತಟ್ಟಿದಳು. 'ಸುಮಾ, ಬಾ, ಆಡುವ.' ನಾನು ಎದ್ದೆ. ಅಮ್ಮ ನನ್ನನ್ನು ಎಳೆದು ಮಡಿಲಿಗೆ ಹಾಕಿಕೊಂಡು ಬಾಯಿ ಮುಚ್ಚಿದಳು. ಅವಳ ಅಂಗೈಯಲ್ಲಿ ಈರುಳ್ಳಿಯ ವಾಸನೆ. 'ಸುಮಾ, ನಿದ್ದೆಯಾ?' ಎಂದಳು ರುಬೀನಾ ಇನ್ನೊಮ್ಮೆ. ಆಮೇಲೆ ಅವಳ ಅಮ್ಮ ಅವಳನ್ನು ಗದರಿಸಿ ಕರೆದುಕೊಂಡು ಹೋದದ್ದು ಕೇಳಿಸಿತು. ಅವರ ಕೋಣೆಯ ಬಾಗಿಲು ಮುಚ್ಚಿತು. ಸ್ವಲ್ಪ ಹೊತ್ತಿಗೆ ಆ ಕಡೆಯಿಂದ ಕರಕರ ಸದ್ದು ಬಂತು. ಕಬ್ಬಿಣದ ಮಂಚವನ್ನು ಬಾಗಿಲಿಗೆ ಅಡ್ಡ ಎಳೆಯುತ್ತಿದ್ದರು.

ಅಪ್ಪ ಗೋಡೆಗೆ ಕಿವಿ ಹಚ್ಚಿದರು. 'ಅವರು ಯಾಕೆ ಮಂಚ ಅಡ್ಡ ಇಡ್ತಿದ್ದಾರೆ?' ಎಂದು ಪಿಸುಗುಟ್ಟಿದರು.

'ನಾವು ಯಾಕೆ ಚಿಲಕ ಹಾಕಿದ್ದು?' ಎಂದಳು ಅಮ್ಮ.

ಕತ್ತಲಾಗುವ ಮೊದಲು ನನಗೆ ಬಚ್ಚಲಿಗೆ ಹೋಗಬೇಕಾಯಿತು. ತಡೆದುಕೋ ಎಂದರು, ತಡೆದುಕೊಂಡೆ. ಕೊನೆಗೆ ಅಳು ಬಂತು. ಅಪ್ಪ ಬೇಡ ಬೇಡ ಎನ್ನುತ್ತಿದ್ದಂತೆ ಅಮ್ಮ ಚಿಲಕ ತೆಗೆದು ನನ್ನ ಕೈಹಿಡಿದು ಹಾಲಿಗೆ ಬಂದಳು. ಬಚ್ಚಲಿನ ಬಾಗಿಲ ಮುಂದೆ ನಫೀಸ ಮಾಮಿ ರುಬೀನಾಳ ಕೈಹಿಡಿದು ನಿಂತಿದ್ದರು, ಅವಳೂ ಕಾಲು ಕಾಲು ತಿಕ್ಕುತ್ತಿದ್ದಳು. ಒಂದು ಕ್ಷಣ ಆ ಇಬ್ಬರು ಹೆಂಗಸರು ಹಾವು ಕಂಡವರಂತೆ ಒಬ್ಬರನ್ನೊಬ್ಬರು ನೋಡಿದರು. ಮಾಮಿಯೇ ಪಕ್ಕಕ್ಕೆ ಸರಿದರು. 'ಮೊದಲು ಸುಮಾ ಹೋಗ್ಲಿ' ಎಂದರು. ನಾನು ಬಾಗಿಲು ತೆಗೆದು ಹೊರಬಂದಾಗ ಇಬ್ಬರೂ ಒಬ್ಬರ ಹೆಗಲಿಗೊಬ್ಬರು ತಲೆಯಿಟ್ಟು ಅಳುತ್ತಿದ್ದರು. ಆದರೆ ಅಳು ಮುಗಿಸಿ ಕೋಣೆಗೆ ಬಂದು ಅಮ್ಮ ಚಿಲಕ ಹಾಕಿಯೇ ಹಾಕಿದಳು. ಮಾರನೆಯ ದಿನ ಮೂಸಾಕನೂ ತಮ್ಮ ಬಾಗಿಲಿಗೆ ಒಂದು ಚಿಲಕ ತಂದರು.

ಊರು ತಣ್ಣಗಾಯಿತು. ಹರೀಶನ ಹೊಲಿಗೆ ಬಿಚ್ಚಿದರು, ಭಾವ ಬೇರೆ ಕಡೆ ಅಂಗಡಿ ಇಟ್ಟರು. ನಮ್ಮ ಶುಕ್ರವಾರದ ಊಟ ಮತ್ತೆ ಶುರುವಾಯಿತು, ನಾವು ಹುಡುಗಿಯರು ಮತ್ತೆ ಆಡಿದೆವು. ಆದರೂ ಊಟದ ನಡುವೆ ಫೋನು ಹೊಡೆದರೆ ಆರು ಜನರ ಕೈಯೂ ನಿಲ್ಲುತ್ತಿತ್ತು. ಆ ವರ್ಷದ ರಜೆಯಲ್ಲಿ ಊರಿಗೆ ಹೋದಾಗ ಅಪ್ಪ ದೊಡ್ಡಪ್ಪನ ಜೊತೆ ಒಂದು ಸಭೆಗೆ ಹೋಗಿಬಂದರು. ಅದು ಇನ್ನೊಂದು ಪಕ್ಷದ ಸಭೆ. ವೇದಿಕೆಯಲ್ಲಿದ್ದವನು ಗುತ್ತಿನ ಮನೆಯ ಮೊಮ್ಮಗ. ಇಳಿದು ಬಂದು ಅಪ್ಪನ ಹೆಗಲ ಮೇಲೆ ಕೈಹಾಕಿ, 'ಸಂಜೀವಣ್ಣ, ನಾವೆಲ್ಲ ಒಂದೇ, ಹೆದರಬೇಡಿ' ಎಂದನಂತೆ. ದುಬೈಗೆ ಮರಳಿದ ಮೇಲೆ ಅಪ್ಪ ಇದನ್ನು ಮೂಸಾಕನಿಗೆ ತಾವಾಗಿಯೇ ಹೇಳಿದರು. ಮುಚ್ಚಿಡುವ ಮನುಷ್ಯ ಅವರಲ್ಲ. ಮೂಸಾಕ ಚಹಾದ ಗ್ಲಾಸನ್ನು ಕೆಳಗಿಟ್ಟರು.

'ನಿಮ್ಮ ಅಪ್ಪನನ್ನು ಅಂಗಳದ ಹೊರಗೆ ಬಿಸಿಲಲ್ಲಿ ನಿಲ್ಸಿದವರ ಮೊಮ್ಮಗ ಅಲ್ವಾ ಸಂಜೀವಣ್ಣ ಅವನು?'

'ಹೌದು' ಎಂದರು ಅಪ್ಪ. 'ಅವನೇ ಹೆಗಲಿಗೆ ಕೈಹಾಕಿದ. ನನ್ನ ಅಪ್ಪ ಅದನ್ನು ನೋಡದೆ ಸತ್ರು. ಗದ್ದೆ ಕೊಟ್ಟ ಪಕ್ಷದವರು ಗದ್ದೆ ಕೊಟ್ರು, ಸರಿ. ಒಬ್ಬನೂ ಹೆಗಲಿಗೆ ಕೈಹಾಕಿರ್ಲಿಲ್ಲ, ಬ್ಯಾರಿಗಳೇ.'

'ನಾನು ಹಾಕಿರ್ಲಿಲ್ವಾ?' ಎಂದರು ಮೂಸಾಕ.

ಅಪ್ಪ ಚಹಾದ ಗ್ಲಾಸುಗಳನ್ನು ಎತ್ತಿಕೊಂಡು ಅಡುಗೆಮನೆಗೆ ಹೋದರು. ಬಾಗಿಲ ಹಿಂದೆ ನಿಂತು ಕೇಳುತ್ತಿದ್ದ ನನಗೆ ಅರ್ಥವಾದದ್ದು ಇಷ್ಟೇ: ನಮ್ಮ ಪಕ್ಷ ಎಂಬ ಆ ದೊಡ್ಡ ಕುಟುಂಬದಿಂದ ನಾವು ಹೊರಗೆ ಬಂದಿದ್ದೇವೆ, ರುಬೀನಾ ಒಳಗೇ ಉಳಿದಿದ್ದಾಳೆ. ಮುಂದಿನ ಚುನಾವಣೆಗೆ ಚಾಪೆಯಲ್ಲಿ ಮೂಸಾಕ ಒಬ್ಬರೇ ಕೂತಿದ್ದರು. ಅಪ್ಪ ಕೋಣೆಯೊಳಗೆ ರೇಡಿಯೋ ಕಿವಿಗೆ ಹಚ್ಚಿಕೊಂಡಿದ್ದರು. ಯಾರು ಗೆದ್ದರೂ ಆ ಮನೆಯಲ್ಲಿ ಆ ದಿನ ಒಬ್ಬರು ಉಸಿರು ಬಿಗಿಹಿಡಿದಿರಬೇಕಿತ್ತು. ಮರುವರ್ಷ ಮೂಸಾಕನವರು ಶಾರ್ಜಾಕ್ಕೆ ಮನೆ ಬದಲಿಸಿದರು. ಬಾಡಿಗೆ ಕಡಿಮೆ ಎಂದರು. ಲಾರಿಗೆ ಮಂಚ ಏರಿಸುವಾಗ ನಫೀಸ ಮಾಮಿ ಅಡುಗೆಮನೆಗೆ ಬಂದು ತಮ್ಮ ತೆಂಗಿನಕಾಯಿ ತುರಿಯುವ ಮಣೆಯನ್ನು ಅಮ್ಮನಿಗೇ ಬಿಟ್ಟುಹೋದರು. ಆಮೇಲೆ ಹಬ್ಬಗಳಿಗೆ ಫೋನು, ಮದುವೆಗಳಿಗೆ ಒಂದು ಕಾಗದ, ಕೊನೆಗೆ ಊರಿನವರ ವಾಟ್ಸಾಪ್ ಗುಂಪಿನಲ್ಲಿ ಒಂದೊಂದು ಹೆಸರು ಮಾತ್ರ ಉಳಿಯಿತು. ರುಬೀನಾಳ ಗಂಡ ಅವಳ ತಂದೆಯ ಹಳೇ ಪಕ್ಷವನ್ನು ಹೇಡಿಗಳ ಪಕ್ಷ ಎನ್ನುತ್ತಾನೆ, 'ನಮ್ಮವರದ್ದೇ' ಆದ ಹೊಸದೊಂದಕ್ಕೆ ಸೇರಿದ್ದಾನೆ ಎಂದು ಯಾರೋ ಹೇಳಿದರು. ಆ ಚಾಪೆಯಲ್ಲಿ ಮೂಸಾಕ ಮತ್ತೊಮ್ಮೆ ಒಬ್ಬರೇ ಆದರೆಂದು ನನಗೆ ಅನ್ನಿಸಿತು.

ಎರಡು ವರ್ಷಗಳ ಹಿಂದಿನ ಮಾತು. ಅಮ್ಮ ತೀರಿಕೊಂಡಿದ್ದಳು. ಅಪ್ಪ ಅಬುಧಾಬಿಯ ಒಂದು ಕಂಪೆನಿಯಲ್ಲಿ ಸ್ಟೋರ್‌ಕೀಪರಾಗಿ, ಬನಿಯಾಸ್‌ನಲ್ಲಿ ನಮ್ಮ ಜೊತೆಗಿದ್ದರು. ಒಂದು ದಿನ ಅವರು ಯಾವುದೋ ಚಿತ್ರವನ್ನು ತಮ್ಮ ಪಕ್ಷದವರ ಗುಂಪಿಗೆ ಹಾಕಲು ಹೋಗಿ ಊರಿನವರ ಗುಂಪಿಗೆ ಹಾಕಿಬಿಟ್ಟರು. ಮೂಸಾಕನಂಥವರ ಬಗ್ಗೆ ಅದರಲ್ಲಿ ಬರೆದಿದ್ದನ್ನು ನಾನು ಇಲ್ಲಿ ಹೇಳಲಾರೆ. ಅಪ್ಪ ಕೂಡಲೇ ಅಳಿಸಿದರು. ಮೂರನೆಯ ದಿನ ಗುರುತಿಲ್ಲದ ನಂಬರಿನಿಂದ ಅಪ್ಪನಿಗೆ ಅದೇ ಚಿತ್ರದ ಸ್ಕ್ರೀನ್‌ಶಾಟ್ ಬಂತು. ಕೆಳಗೆ ಒಂದೇ ಸಾಲು: ಇದನ್ನು ನಿಮ್ಮ ಕಂಪೆನಿಗೆ ಕಳಿಸಬಹುದಾ?

ಇಂಥದಕ್ಕೆ ಕೆಲಸ ಕಳೆದುಕೊಂಡವರ, ಜೈಲು ಕಂಡು ವಿಮಾನ ಹತ್ತಿದವರ ಕಥೆ ಕೇಳಿ ಬಲ್ಲೆವು. ಅಪ್ಪ ಊಟ ಬಿಟ್ಟರು. ಲಿಫ್ಟಿನ ಸದ್ದಾದರೆ ಎದ್ದು ನಿಲ್ಲುತ್ತಿದ್ದರು. ನನ್ನ ಮಗಳು ಕರೆಗಂಟೆ ಒತ್ತಿದರೂ ಸಣ್ಣ ಕೋಣೆಗೆ ಹೋಗಿ ಕೂರುತ್ತಿದ್ದರು. 'ನಾನು ಬರೆದದ್ದಲ್ಲ ಮಗಾ, ಬಂದದ್ದನ್ನು ಕಳಿಸಿದ್ದು' ಎಂದು ಹತ್ತು ಸಲ ಹೇಳಿದರು. ನನಗೆ ಅವರ ಮೇಲೆ ಸಿಟ್ಟು, ಅದಕ್ಕಿಂತ ಹೆಚ್ಚು ನಾಚಿಕೆ, ಎಲ್ಲಕ್ಕಿಂತ ಹೆಚ್ಚು ಭಯ. ಆ ಸ್ಕ್ರೀನ್‌ಶಾಟನ್ನು ದೊಡ್ಡದು ಮಾಡಿ ಮಾಡಿ ನೋಡುತ್ತಿದ್ದಾಗ ಕಣ್ಣಿಗೆ ಬಿದ್ದದ್ದು, ಅದನ್ನು ತೆಗೆದವರ ಫೋನಿನಲ್ಲಿ ಅಪ್ಪನ ಹೆಸರನ್ನು ಉಳಿಸಿಕೊಂಡಿದ್ದ ರೀತಿ. 'ಸಂಜು ಮಾಮ' ಎಂದಿತ್ತು. ಅಪ್ಪನನ್ನು ಹಾಗೆ ಕರೆದವಳು ಈ ಲೋಕದಲ್ಲಿ ಒಬ್ಬಳೇ.

ರುಬೀನಾ ಮರಳುಗಾಡಿನೊಳಗಿನ ಮದೀನತ್ ಜಾಯೆದ್ ಊರಿನ ಒಂದು ಕ್ಲಿನಿಕ್ಕಿನಲ್ಲಿ ಲ್ಯಾಬ್ ಕೆಲಸದಲ್ಲಿದ್ದಳು. ಫೋನು ಮಾಡದೆ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಎರಡೂ ಕಡೆ ಮರಳು. ಕ್ಲಿನಿಕ್ಕಿನ ಹಿಂದಿನ ನೆರಳಿನಲ್ಲಿ ಇಬ್ಬರೂ ನಿಂತೆವು. ಹದಿನೈದು ವರ್ಷಗಳ ಮೇಲೆ ನೋಡುತ್ತಿದ್ದೆ. ಅವಳ ಕೈಗವಸಿನಲ್ಲಿ ಸ್ಪಿರಿಟ್ಟಿನ ವಾಸನೆ.

'ನಾನು ತೆಗೆದದ್ದೇ' ಎಂದಳು, ನಾನು ಕೇಳುವ ಮೊದಲೇ. 'ಆ ಮೆಸೇಜು ಮಾಡಿದ್ದು ನಾನಲ್ಲ, ನನ್ನ ಗಂಡ. ಕಂಪೆನಿಗೆ ಕಳಿಸ್ಲಿಕ್ಕೆ ನಾನು ಬಿಡುದಿಲ್ಲ. ಅದು ನನ್ನ ಜವಾಬ್ದಾರಿ, ನೀನು ಹೆದರ್ಬೇಡ.'

'ಅಳಿಸಿಬಿಡು ರುಬೀ. ನನ್ನ ಎದುರೇ.'

ಅವಳು ಕೈಗವಸು ಕಳಚಿ ಜೇಬಿಗಿಟ್ಟಳು. 'ಇಲ್ಲ' ಎಂದಳು. 'ರಜೆಯಲ್ಲಿ ಊರಿಗೆ ಹೋದ್ರೆ ಬಸ್ಸಲ್ಲಿ ನನ್ನ ಮಗನ ಪಕ್ಕ ಯಾರು ಕೂರ್ತಾರೆ ಅಂತ ನೋಡ್ತಾ ಇರ್ತೇನೆ ನಾನು. ಮಗಳ ತಲೆಯ ಬಟ್ಟೆಯನ್ನು ಯಾರು ನೋಡ್ತಾರೆ ಅಂತ ನೋಡ್ತೇನೆ. ಅಲ್ಲಿ ನಮ್ಮ ಕೈಯಲ್ಲಿ ಎಂತದೂ ಇಲ್ಲ. ಇಲ್ಲಿ ಇದೊಂದು ಉಂಟು. ಉಪಯೋಗಿಸುದಿಲ್ಲ. ಆದ್ರೆ ಇರ್ಲಿ.' ಆಮೇಲೆ ತಂದೆಯ ಮಾತು ತೆಗೆದಳು. ಮೂಸಾಕ ಊರಿಗೆ ಹೋಗಿ ನೆಲೆಸಿದ್ದರು, ಎರಡೂ ಕಿಡ್ನಿ ಹೋಗಿದ್ದವು. 'ಉಪ್ಪನಿಗೆ ಅದನ್ನು ತೋರಿಸ್ಲಿಲ್ಲ ನಾನು. ಸಂಜೀವಣ್ಣ ಹೇಗಿದ್ದಾರೆ ಅಂತ ಈಗ್ಲೂ ಕೇಳ್ತಾರೆ.'

ನಾನು ಅವಳ ಕೈ ಹಿಡಿದುಕೊಳ್ಳಬೇಕೆಂದುಕೊಂಡೆ. ಹಿಡಿದೆನೋ ಇಲ್ಲವೋ ಈಗ ಖಚಿತವಿಲ್ಲ. ವಾಪಸ್ ಬರುವಾಗ ಬಸ್ಸಿನಲ್ಲಿ, ಅವಳ ಮಾತನ್ನು ನಂಬುತ್ತಿದ್ದೇನೆಯೇ ಎಂದು ನನ್ನನ್ನೇ ಕೇಳಿಕೊಂಡೆ. ನಂಬುತ್ತಿದ್ದೆ. ಆದರೂ ಹೆದರಿಕೆ ಹೋಗಿರಲಿಲ್ಲ.

ಅಪ್ಪನಿಗೆ ಸ್ಕ್ರೀನ್‌ಶಾಟ್ ಯಾರದೆಂದು ಹೇಳಿದೆ. ಆ ತಿಂಗಳೇ ರಾಜೀನಾಮೆ ಕೊಟ್ಟು, ವೀಸಾ ರದ್ದು ಮಾಡಿಸಿ, ಊರಿಗೆ ಹೊರಟುಹೋದರು. ಯಾರೂ ಏನೂ ಎಲ್ಲಿಗೂ ಕಳಿಸಲಿಲ್ಲ. ಊರಿನಲ್ಲಿ ಅಪ್ಪನ ಮನೆಗೂ ಮೂಸಾಕನ ಮನೆಗೂ ನಡುವೆ ಅದೇ ಬೇಲಿ. ಹೋಗಿ ಮಾತಾಡಿಸಿ ಎಂದು ಫೋನು ಮಾಡಿದಾಗಲೆಲ್ಲ ಹೇಳುತ್ತಿದ್ದೆ. 'ಹೋಗ್ತೇನೆ' ಎನ್ನುತ್ತಿದ್ದರು. 'ಯಾವ ಮುಖ ಇಟ್ಕೊಂಡು ಹೋಗುದು ಮಗಾ' ಎಂದು ಒಮ್ಮೆ ಅಂದರು. ಮಳೆ ನಿಂತ ಮೇಲೆ, ದೀಪಾವಳಿಗೆ ಮೊದಲು, ಮೂಸಾಕ ತೀರಿಕೊಂಡರು. ದಫನಕ್ಕೆಂದು ಮನೆಯಿಂದ ಹೊತ್ತೊಯ್ಯುವಾಗ ಅಪ್ಪ ಬೇಲಿಯ ಈಚೆ ನಿಂತಿದ್ದರಂತೆ, ದೊಡ್ಡಪ್ಪನ ಮನೆಯವರು ನೋಡುತ್ತಾರೆಂಬ ಭಯ ಒಂದು ಕಡೆ, ಆಚೆಯವರು ಏನನ್ನುತ್ತಾರೋ ಎಂಬ ಭಯ ಇನ್ನೊಂದು ಕಡೆ.

ಈ ಸಲದ ಚುನಾವಣೆಯಲ್ಲಿ ಅಪ್ಪನನ್ನು ಅವರ ಪಕ್ಷದವರು ಮತಗಟ್ಟೆಯ ಏಜೆಂಟಾಗಿ ಕೂರಿಸಿದರು. ಊರಿನ ಎಲ್ಲರ ಮುಖ ಬಲ್ಲವರು ಎಂದು. ಹಿಂದಿನ ದಿನ ಮತದಾರರ ಪಟ್ಟಿ ಕೊಟ್ಟು, ಸತ್ತವರ ಹೆಸರುಗಳನ್ನು ಹೊಡೆದುಹಾಕಲು ಹೇಳಿದರಂತೆ. ಅದನ್ನು ಅಪ್ಪ ನನಗೆ ಹೇಳಿದ್ದು ಚುನಾವಣೆ ಮುಗಿದು ಎಷ್ಟೋ ದಿನಗಳಾದ ಮೇಲೆ, ಬೇರೇನೋ ಮಾತಿನ ನಡುವೆ.

'ಪಟ್ಟಿಯಲ್ಲಿ ಮೂಸಾ ಬ್ಯಾರಿಗಳ ಫೋಟೋ ಉಂಟು, ಹಳೇದು. ದೇರಾದಲ್ಲಿ ತೆಗೆಸಿದ್ದು, ನನ್ನ ಶರ್ಟು ಹಾಕಿದ್ದು' ಎಂದರು. 'ನಾನೇ ಗೆರೆ ಎಳೆದೆ, ಮಗಾ. ಬೇರೆ ಯಾರಿಗೂ ಕೊಡ್ಲಿಲ್ಲ.'

ನಾನು ಫೋನು ಇಡಲಿಲ್ಲ, ಅವರೂ ಇಡಲಿಲ್ಲ.